ವಾಷಿಂಗ್‌ಟನ್ ನಗರದಲ್ಲಿ ಶಾಲೆಯನ್ನರಸಿದುದು

ದೂರದೇಶಕ್ಕೆ ಹೋಗಿ ಬಂದವನನ್ನು ಊರವರು ಮೊದಲು ಕೇಳುವ ಪ್ರಶ್ನೆ ‘ಏನೇನು ನೋಡಿದಿರಿ?’ ಎಂಬುದು. ಅಮೆರಿಕದ ರಾಜಧಾನಿಯಾದ ವಾಷಿಂಗ್‌ಟನ್ನಿನಲ್ಲಿ ಮಗಳ ಮನೆಯಲ್ಲಿ ನಾವು ಐದು ತಿಂಗಳು ಇದ್ದು ಬಂದೆವು. ಅಧ್ಯಕ್ಷರ ಶ್ವೇತಭವನವನ್ನು ಬೇಲಿಯ ಹೊರಗಿನಿಂದ ನೋಡಿದೆವು. ಸಂಸತ್ತಿನ ಶ್ವೇತಗೋಪುರವನ್ನು ಹಗಲೂ ಇರುಳೂ ನೋಡಿದೆವು. ಪೊಟೋಮ್ಯಾಕ್ ನದಿಯ ದಂಡೆಯಲ್ಲಿ ಚೆರಿ ಮರಗಳು ಹೂವಾದುದನ್ನೂ ಕಂಡೆವು. ಇವುಗಳ ವರ್ಣನೆ ಬೇಕಾದಷ್ಟು ಪುಸ್ತಕಗಳಲ್ಲಿದೆ. ಆ ನಗರದಲ್ಲಿ ತಾಯಿತಂದೆಗಳು ಮಕ್ಕಳಿಗಾಗಿ ಶಾಲೆಯನ್ನರಸುವ ಪರಿಯನ್ನು ಕುರಿತು ನಾಲ್ಕು ಮಾತು ಬರೆಯುವುದೇ ಉಚಿತವೆಂದು ನಮಗೆ ತೋರಿತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿದವನ ಕಣ್ಣು ಎಲ್ಲಿ ಹೋದರೂ ಶಾಲೆಯ ಗಂಟೆಯ ಕಡೆಗೇ ತಿರುಗುವುದು ಸ್ವಾಭಾವಿಕವಷ್ಟೆ.

ನಮ್ಮ ಮಗಳೂ ಅಳಿಯಂದಿರೂ ಇರುವುದು ಸಂಸತ್ ಭವನದ ಪೂರ್ವಕ್ಕೆ ಹಬ್ಬಿರುವ ಕ್ಯಾಪಿಟಲ್ ಹಿಲ್ ಎಂಬ ಭಾಗದಲ್ಲಿ. ಒಂದಕ್ಕೊಂದು ಗೋಡೆ ಸೇರಿಸಿ ಕಟ್ಟಿದ ಕೆಂಪಿಟ್ಟಿಗೆಯ ಮನೆಗಳು, ಮನೆಯ ಮುಂದೆ ಕಬ್ಬಿಣದ ಮೆಟ್ಟಿಲು, ಬೀದಿಯ ಎರಡು ಪಕ್ಕಕ್ಕೂ ಹಳೆಯ ಮರಗಳು. ಸ್ವಲ್ಪ ದೂರದಲ್ಲಿ 1873ರಲ್ಲಿ ಕಟ್ಟಿದ ಈಸ್ಟರ್ನ್ ಮಾರ್ಕೆಟ್ ಎಂಬ ತರಕಾರಿಯ ಪೇಟೆ ಇಂದಿಗೂ ನಡೆಯುತ್ತಿದೆ. ನಮ್ಮ ಮೊಮ್ಮಗಳಿಗೆ ಒಂಬತ್ತು ತುಂಬಿ ಹತ್ತು ನಡೆಯುತ್ತಿದ್ದಿತು. ಮನೆಯಿಂದ ನಾಲ್ಕು ನಿಮಿಷದ ದಾರಿಯಲ್ಲಿರುವ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಅವಳು ನಾಲ್ಕನೆಯ ತರಗತಿ. ಮುಂಜಾನೆ ಪಕ್ಕದ ಮನೆಯ ಗೆಳತಿಯ ಕೈಹಿಡಿದು ಹಾರುತ್ತ ಹೋಗುವಳು. ಮಧ್ಯಾಹ್ನ ಹಾಗೆಯೇ ಹಾರುತ್ತ ಬರುವಳು.

ನಾವು ಅಲ್ಲಿಗೆ ಹೋದ ಮೊದಲ ವಾರದಲ್ಲಿಯೇ ಮನೆಯಲ್ಲಿ ಏನೋ ಒಂದು ಚಿಂತೆ ಸುಳಿದಾಡುತ್ತಿರುವುದು ನಮಗೆ ತಿಳಿಯಿತು. ರಾತ್ರಿ ಊಟವಾದ ಮೇಲೆ ಗಂಡಹೆಂಡಿರು ಅಡಿಗೆಮನೆಯ ಮೇಜಿನ ಮುಂದೆ ಕುಳಿತು ಕಾಗದದ ಮೇಲೆ ಹೆಸರು ಬರೆದು ಹೊಡೆದುಹಾಕುತ್ತಿದ್ದರು. ಹಣದ ತೊಡಕಿರಬಹುದೆಂದು ನಾವು ಶಂಕಿಸಿದೆವು. ವಿಚಾರಿಸಲಾಗಿ, ಅದು ಮಗುವಿನ ಮಿಡ್ಲ್ ಸ್ಕೂಲಿನ ವಿಚಾರವೆಂದು ತಿಳಿಯಿತು.

ಅಲ್ಲಿಯ ಕ್ರಮವನ್ನು ವಾಚಕರಿಗೆ ಸ್ವಲ್ಪ ವಿವರಿಸಬೇಕು. ನಗರದ ಸರಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಐದನೆಯ ತರಗತಿಯವರೆಗೆ ಪ್ರಾಥಮಿಕ. ಆರರಿಂದ ಎಂಟರವರೆಗೆ ಮಿಡ್ಲ್ ಸ್ಕೂಲು. ಯಾವ ಬೀದಿಯ ಮಕ್ಕಳು ಯಾವ ಶಾಲೆಗೆಂಬುದಕ್ಕೆ ಎಲ್ಲೆ ಗೊತ್ತುಮಾಡಿರುವರು. ನಮ್ಮ ಮಗಳ ಬೀದಿಗೆ ಗೊತ್ತಾದುದು ಸ್ಟೂವರ್ಟ್-ಹಾಬ್ಸನ್ ಎಂಬ ಮಿಡ್ಲ್ ಸ್ಕೂಲು. ಎಲ್ಲೆಯೊಳಗಿನ ಮಗುವಿಗೆ ಅಲ್ಲಿ ಸ್ಥಳ ಹಕ್ಕಿನಿಂದಲೇ ಬರುವುದು, ಯಾರನ್ನೂ ಬೇಡಬೇಕಾಗಿಲ್ಲ. ಊರಿನ ಪಶ್ಚಿಮಕ್ಕೆ, ರಾಕ್ ಕ್ರೀಕ್ ಎಂಬ ಕಾಡಿನಾಚೆ, ಆಲಿಸ್ ಡೀಲ್ ಎಂಬ ಪ್ರಸಿದ್ಧ ಮಿಡ್ಲ್ ಸ್ಕೂಲಿದೆ. ಅದರ ಎಲ್ಲೆಯೊಳಗೆ ಮನೆ ಮಾಡಬೇಕಾದರೆ ಕುಬೇರನ ಸ್ನೇಹ ಬೇಕು. ಹೀಗೆ ಮನೆಯ ವಿಳಾಸವೇ ಮಗುವಿನ ವಿದ್ಯೆಯನ್ನು ನಿರ್ಣಯಿಸುವುದು ಸರಿಯೆ ಎಂಬ ಪ್ರಶ್ನೆಗೆ ಅಲ್ಲಿಯವರು ಕಂಡುಕೊಂಡ ಒಂದು ಉತ್ತರವೇ ಚಾರ್ಟರ್ ಶಾಲೆ.

ಚಾರ್ಟರ್ ಎಂದರೆ ಸನ್ನದು. ಮಿನೆಸೋಟಾ ಸಂಸ್ಥಾನವು 1991ರಲ್ಲಿ ಇಂಥ ಶಾಲೆಗಳಿಗೆ ಮೊದಲ ಶಾಸನ ಮಾಡಿತು. 1992ರಲ್ಲಿ ಅಲ್ಲಿಯ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ವಾಷಿಂಗ್‌ಟನ್ನಿಗೆ 1996ರಲ್ಲಿ ಶಾಸನವಾಯಿತು. ಲಾಭಕ್ಕಾಗಿ ನಡೆಯದ ಒಂದು ಮಂಡಲಿಯು ಹೀಗೆ ಕಲಿಸುವೆವು, ಇಂಥ ಫಲವನ್ನು ತೋರಿಸುವೆವು ಎಂದು ಒಪ್ಪಂದ ಬರೆದುಕೊಟ್ಟು ಹದಿನೈದು ವರ್ಷಗಳ ಸನ್ನದನ್ನು ಪಡೆಯುವುದು. ಐದು ವರ್ಷಕ್ಕೊಮ್ಮೆಯಾದರೂ ಅದರ ಪರಿಶೀಲನೆಯಾಗುವುದು. ಹಣವು ಮಗುವೊಂದಕ್ಕೆ ಇಷ್ಟೆಂದು ಸಾರ್ವಜನಿಕ ಬೊಕ್ಕಸದಿಂದಲೇ ಬರುವುದು. ಮಕ್ಕಳಿಂದ ಶುಲ್ಕವಿಲ್ಲ, ಪ್ರವೇಶಪರೀಕ್ಷೆಯಿಲ್ಲ, ಬೀದಿಯ ಎಲ್ಲೆಯಿಲ್ಲ, ನಗರದ ನಿವಾಸಿಯಾದರೆ ಸಾಕು. ಬಂದವರು ಹೆಚ್ಚಾಗಿ ಸ್ಥಳ ಕಡಿಮೆಯಾದರೆ ಚೀಟಿಯೆತ್ತುವರು. ಈಗ ಆ ನಗರದಲ್ಲಿ ಸಾರ್ವಜನಿಕ ಹಣದಿಂದ ಓದುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇಂಥ ಸನ್ನದು ಶಾಲೆಗಳಲ್ಲಿರುವರು.

ಇಷ್ಟಾದರೆ ಸುಲಭ. ತೊಡಕೇನೆಂದರೆ, ಹೆಸರಾದ ಕೆಲವು ಸನ್ನದು ಶಾಲೆಗಳ ಮೆಟ್ಟಿಲು ಆರಕ್ಕೆ ಬದಲಾಗಿ ಐದನೆಯ ತರಗತಿಯಿಂದ ಆರಂಭವಾಗುತ್ತದೆ. ಆದಕಾರಣ ಸರಕಾರಿ ಪ್ರಾಥಮಿಕ ಶಾಲೆಯ ಮಗು ಒಂದು ವರ್ಷ ಮುಂಚೆಯೇ ಗೂಡು ಬಿಡಬೇಕು. ‘ನಾಲ್ಕನೆಯ ತರಗತಿಯಲ್ಲಿ ತುಂಬಿರುವ ಕೋಣೆ ಐದನೆಯದಕ್ಕೆ ಬರುವಾಗ ಬರಿದಾಗುತ್ತದೆ, ಉಳಿದವರು ಉಳಿದುದಕ್ಕೇ ಪಶ್ಚಾತ್ತಾಪಪಡುತ್ತಾರೆ’ ಎಂದು ನಮ್ಮ ಮಗಳು ಹೇಳಿದಳು. ಒಬ್ಬರು ಹೋಗುವರೆಂದು ಇನ್ನೊಬ್ಬರು, ಅವರು ಹೋಗುವರೆಂದು ಮತ್ತೊಬ್ಬರು: ಹೀಗೆ ಭಯವೇ ಭಯಕ್ಕೆ ಕಾರಣವಾಗುತ್ತದೆ.

ಚಳಿಗಾಲದ ಮೊದಲಲ್ಲಿ ಒಂದು ಶನಿವಾರ ಅಳಿಯಂದಿರು ‘ಮಾವನವರೇ, ನೀವೂ ಬನ್ನಿ, ನಿಮಗೆ ಇದು ಹೊಸ ಜಾತ್ರೆ’ ಎಂದು ನಮ್ಮನ್ನು ಆರ್ಮರಿ ಎಂಬ ದೊಡ್ಡ ಸೈನಿಕ ಭವನಕ್ಕೆ ಕರೆದುಕೊಂಡು ಹೋದರು. ಎಡ್‌ಫೆಸ್ಟ್ ಎಂಬ ಶಾಲಾ ಮೇಳ ಅಲ್ಲಿ ನಡೆದಿದ್ದಿತು. ನಿಜಕ್ಕೂ ಜಾತ್ರೆಯೇ! ಸಾಲು ಮೇಜುಗಳು, ಒಂದೊಂದರ ಹಿಂದೆ ಒಂದೊಂದು ಶಾಲೆಯ ಉಪಾಧ್ಯಾಯರು, ಮುಂದೆ ತಳ್ಳುಗಾಡಿಯ ಕೂಸುಗಳನ್ನೂ ಕೈಹಿಡಿದ ಮಕ್ಕಳನ್ನೂ ಕರೆತಂದ ತಾಯಿತಂದೆಗಳು. ಒಂದು ಮೇಜಿನಲ್ಲಿ ಬೇಸಿಸ್ ಎಂಬ ಶಾಲೆ: 2012ರಲ್ಲಿ ಊರಿನ ನಡುವೆ ಎಂಟನೆಯ ಬೀದಿಯಲ್ಲಿ ತೆರೆದುದು, ಗಣಿತ ವಿಜ್ಞಾನಗಳಲ್ಲಿ ಬಿಗಿಯಾದ ಪಾಠಕ್ಕೆ ಹೆಸರಾದುದು. ಇನ್ನೊಂದರಲ್ಲಿ ಡಿ.ಸಿ. ಇಂಟರ್‌ನ್ಯಾಷನಲ್: 2014ರಲ್ಲಿ ಆರಂಭವಾಗಿ, ಹಿಂದೆ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಿದ್ದ ವಿಶಾಲವಾದ ಜಾಗದಲ್ಲಿ ಈಗ ನಡೆಯುತ್ತಿರುವುದು, ಅಲ್ಲಿ ಚೀನೀ, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳು. ಅದಕ್ಕೆ ಸೇರಿದ ಪ್ರಾಥಮಿಕ ಶಾಲೆಗಳಿಂದ ಬರುವ ಮಕ್ಕಳಿಗೆ ಮೊದಲ ಮಣೆ. ಮೂರನೆಯ ಮೇಜಿನ ಮುಂದೆ ನಮ್ಮ ಕಾಲು ತಾನಾಗಿಯೇ ನಿಂತಿತು. ಅದು 2006ರಲ್ಲಿ ಸ್ಥಾಪಿತವಾದ ವಾಷಿಂಗ್‌ಟನ್ ಲ್ಯಾಟಿನ್ ಎಂಬ ಶಾಲೆ. ಅಲ್ಲಿಯ ಚಿಕ್ಕ ಮಕ್ಕಳು ಲ್ಯಾಟಿನ್ ಭಾಷೆಯನ್ನು ಕಲಿಯುವರು!

ವಾಚಕರು ನಮ್ಮ ಸ್ಥಿತಿಯನ್ನು ಊಹಿಸಬೇಕು. ಪಿತೃವಿಗೆ ಪಾತೆರ್, ಮಾತೃವಿಗೆ ಮಾತೆರ್, ಸಪ್ತಕ್ಕೆ ಸೆಪ್ಟೆಮ್, ನವಕ್ಕೆ ನೊವೆಮ್ ಎನ್ನುವ ಭಾಷೆ. ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸಾರಿದುದನ್ನು ನಾವು ಎಷ್ಟು ವರ್ಷ ತರಗತಿಯಲ್ಲಿ ಹೇಳಿಲ್ಲ! ನಮ್ಮ ಊರುಗಳಲ್ಲಿ ಸಂಸ್ಕೃತವನ್ನು ಮಕ್ಕಳು ಅಂಕಗಳಿಗಾಗಿ ಓದಿ ಪರೀಕ್ಷೆಯ ಮರುದಿನ ಮರೆಯುವುದನ್ನು ಕಂಡು ನೊಂದವರು ನಾವು. ಸತ್ತ ಭಾಷೆಯೆನಿಸಿಕೊಂಡುದನ್ನು ಸರಕಾರದ ಹಣದಲ್ಲಿ, ಬಡವಬಲ್ಲಿದರೆನ್ನದೆ ಎಲ್ಲ ಮಕ್ಕಳಿಗೂ ಕಲಿಸುವ ಶಾಲೆ! ನಮ್ಮ ಮೊಮ್ಮಗಳು ವಿಭಕ್ತಿಗಳನ್ನು ಒಪ್ಪಿಸುವುದನ್ನು ಆ ಗದ್ದಲದ ನಡುವೆಯೇ ನಾವು ಕಿವಿಯಲ್ಲಿ ಕೇಳಿದೆವು. ಮನೆಗೆ ಬಂದೊಡನೆ ‘ಇದೇ ಆಗಲಿ’ ಎಂದುಬಿಟ್ಟೆವು. ಮಗಳು ಏನೂ ಹೇಳಲಿಲ್ಲ.

ಆ ನಗರದಲ್ಲಿ ಸರಕಾರಿ ಶಾಲೆಗಳಿಗೂ ಬಹುತೇಕ ಸನ್ನದು ಶಾಲೆಗಳಿಗೂ ಸೇರಿ ಒಂದೇ ಚೀಟಿ. ತಾಯಿತಂದೆಗಳು ಹನ್ನೆರಡು ಶಾಲೆಗಳವರೆಗೆ ಇಷ್ಟದ ಕ್ರಮದಲ್ಲಿ ಬರೆದುಕೊಡಬಹುದು. ಕಿರಿಯ ತರಗತಿಗಳಿಗೆ ಮಾರ್ಚಿಯ ಆರಂಭದವರೆಗೆ ಗಡುವು. ಬಳಿಕ ಯಂತ್ರವು ಪ್ರತಿ ಮಗುವಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಒಡಹುಟ್ಟಿದವರು ಅಲ್ಲಿಯೇ ಓದುತ್ತಿದ್ದರೆ ಅಂಥವರಿಗೆ ಆದ್ಯತೆಯಿತ್ತು ಹೊಂದಿಸುವುದು. ಇದರ ಹಿಂದಿರುವ ಗಣಿತವನ್ನು 1962ರಲ್ಲಿ ಗೇಲ್ ಮತ್ತು ಶ್ಯಾಪ್ಲಿ ಎಂಬಿಬ್ಬರು ಕಾಲೇಜಿನ ಪ್ರವೇಶವನ್ನೂ ವಧೂವರರ ಹೊಂದಾಣಿಕೆಯನ್ನೂ ಒಟ್ಟಿಗೆ ವಿಚಾರಿಸುತ್ತ ಬರೆದರಂತೆ. ಅದನ್ನು ಶಾಲೆಗಳ ವಿಷಯಕ್ಕೆ ತಂದ ಆಲ್ವಿನ್ ರಾತ್ ಅವರಿಗೂ ಶ್ಯಾಪ್ಲಿಯವರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಜಾತಕ ನೋಡುವ ನಮ್ಮ ಜೋಯಿಸರಿಗೆ ಇದು ತಿಳಿದರೆ ಹಿಗ್ಗುವರು! ಈ ಕ್ರಮದ ಗುಣವೇನೆಂದರೆ, ಇಲ್ಲಿ ಜಾಣತನ ನಡೆಯದು. ಸಿಕ್ಕಲಾರದೆಂದು ಹೆದರಿ ಇಷ್ಟವಾದುದನ್ನು ಕೆಳಗೆ ಬರೆದರೆ ಲಾಭವಿಲ್ಲ. ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೆ ಬರೆದವನಿಗೇ ಒಳ್ಳೆಯದು. ಆದರೆ ಮನಸ್ಸಿನಲ್ಲಿ ಇರುವುದು ಏನು, ಯಾರ ಮನಸ್ಸಿನಲ್ಲಿರುವುದು ಎಂಬುದನ್ನು ಯಂತ್ರ ಹೇಳಲಾರದಷ್ಟೆ.

ಜನವರಿಯಲ್ಲಿ ಒಂದು ದಿನ ಮುಂಜಾನೆ ಲ್ಯಾಟಿನ್ ಶಾಲೆಯ ದಾರಿಯನ್ನು ಅಳೆಯಲು ನಾವೂ ಮಗಳೂ ಮೊಮ್ಮಗಳೂ ಹೊರಟೆವು. ಮನೆಯಿಂದ ಯೂನಿಯನ್ ಸ್ಟೇಷನ್ನಿಗೆ ನಡಿಗೆ. ಅಲ್ಲಿಂದ ಕೆಂಪು ಗೆರೆಯ ಮೆಟ್ರೋದಲ್ಲಿ ಫೋರ್ಟ್ ಟಾಟನ್ ಎಂಬಲ್ಲಿಗೆ. ಅಂತರ್ಯುದ್ಧದ ಕಾಲದಲ್ಲಿ ರಾಜಧಾನಿಯ ರಕ್ಷಣೆಗಾಗಿ ಕಟ್ಟಿದ ಕೋಟೆಯ ಹೆಸರು ಅದು. ಈಗ ಉಳಿದಿರುವುದು ಹುಲ್ಲು ಮುಚ್ಚಿದ ಮಣ್ಣಿನ ದಿಬ್ಬ. ಅಲ್ಲಿಂದ ಮತ್ತೆ ನಡಿಗೆ. ಎಲ್ಲ ಸೇರಿ ಮುಕ್ಕಾಲು ಗಂಟೆಗೆ ಮಿಕ್ಕಿತು. ಮಂಜು ಹೆಪ್ಪುಗಟ್ಟಿದ ಪಾದಚಾರಿ ದಾರಿಯಲ್ಲಿ ಮಗುವಿನ ಮೂಗು ಕೆಂಪಾಯಿತು. ಎರಡನೆಯ ಬೀದಿಯಲ್ಲಿರುವ ಶಾಲೆಯ ಇಟ್ಟಿಗೆಯ ಕಟ್ಟಡವನ್ನು ನೋಡಿ ನಮಗೆ ಕೈಮುಗಿಯುವಂತಾಯಿತು. ಮೊಮ್ಮಗಳು ಅದನ್ನು ನೋಡಿ, ‘ಚೆನ್ನಾಗಿದೆ ತಾತ. ಆದರೆ ನನ್ನ ಜೊತೆ ರೈಲಿನಲ್ಲಿ ಯಾರು ಬರುತ್ತಾರೆ?’ ಎಂದಳು. ಹಿಂದಿರುಗುವಾಗ ರೈಲಿನಲ್ಲಿ ನಮ್ಮ ಹೆಗಲಿಗೊರಗಿ ನಿದ್ದೆಹೋದಳು.

ಇನ್ನೊಂದು ದಿನ ನಾವೊಬ್ಬರೇ ಅನಾಕೋಸ್ಟಿಯಾ ನದಿಯನ್ನು ದಾಟಿ ಪೂರ್ವದ ದಡಕ್ಕೆ ಹೋದೆವು. ಅಲ್ಲಿ ಸೂಸಾ ಎಂಬ ಮಿಡ್ಲ್ ಸ್ಕೂಲು ಇರುವುದು. 1950ರ ಸೆಪ್ಟೆಂಬರಿನಲ್ಲಿ ಗಾರ್ಡ್ನರ್ ಬಿಷಪ್ ಎಂಬ ಕ್ಷೌರಿಕರು, ಪಾಲಕರ ಸಂಘವೊಂದರ ಮುಂದಾಳಾಗಿ, ಆಫ್ರಿಕನ್ ಮೂಲದ ಹನ್ನೊಂದು ಮಕ್ಕಳನ್ನು ಆಗ ಹೊಸದಾಗಿದ್ದ ಆ ಶಾಲೆಗೆ ಕರೆದುಕೊಂಡು ಹೋಗಿ ಪ್ರವೇಶ ಕೇಳಿದರು. ಒಳಗೆ ಕೋಣೆಗಳು ಬರಿದಾಗಿದ್ದರೂ ಬಣ್ಣದ ಕಾರಣದಿಂದ ಬಾಗಿಲು ತೆರೆಯಲಿಲ್ಲ. ಬೋಲಿಂಗ್ ವಿರುದ್ಧ ಶಾರ್ಪ್ ಎಂಬ ಆ ವ್ಯಾಜ್ಯದಲ್ಲಿ 1954ರ ಮೇ 17ರಂದು, ಪ್ರಸಿದ್ಧವಾದ ಬ್ರೌನ್ ತೀರ್ಪಿನ ದಿನವೇ, ರಾಜಧಾನಿಯ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಪರಮೋಚ್ಚ ನ್ಯಾಯಾಲಯ ನಿರ್ಣಯಿಸಿತು. ಇಂದು ಆ ಶಾಲೆಯ ಮಕ್ಕಳಲ್ಲಿ ಬಹುಮಂದಿ ಆಫ್ರಿಕನ್ ಮೂಲದವರೇ. ಬಾಗಿಲೇನೋ ತೆರೆಯಿತು, ಆದರೆ ನದಿಯ ಎರಡು ದಡಗಳ ಬಾಳು ಇನ್ನೂ ಬೇರೆಬೇರೆಯಾಗಿಯೇ ಉಳಿದಿದೆ.

ಹಿಂದಿರುಗುವಾಗ ಬಸ್ಸಿನ ತಂಗುದಾಣದಲ್ಲಿ ಮೊಮ್ಮಗನಿಗಾಗಿ ಕಾಯುತ್ತಿದ್ದ ಆ ದಡದ ಅಜ್ಜಿಯೊಬ್ಬರ ಪರಿಚಯವಾಯಿತು. ಹುಡುಗನು ಮುಂಜಾನೆ ಆರಕ್ಕೆ ಎದ್ದು, ನದಿ ದಾಟಿ ಸನ್ನದು ಶಾಲೆಗೆ ಹೋಗುವನಂತೆ. ವಿದ್ಯಾರ್ಥಿಗಳಿಗೆ ಬಸ್ಸೂ ಮೆಟ್ರೋವೂ ಉಚಿತ. ನಾವು ನಮ್ಮ ಮನೆಯ ಚಿಂತೆಯನ್ನು ಹೇಳಿದೆವು. ಆಕೆ ನಕ್ಕು, ‘ನಿಮ್ಮ ಮಗಳಿಗೆ ಒಳ್ಳೆಯದರಲ್ಲಿ ಯಾವುದು ಇನ್ನೂ ಒಳ್ಳೆಯದೆಂಬ ಚಿಂತೆ. ನಮಗೆ ಚೀಟಿ ಬಿದ್ದುದರಿಂದ ಹುಡುಗ ಓದುತ್ತಿದ್ದಾನೆ. ಆದರೆ ನನ್ನ ಬೀದಿಯ ಶಾಲೆಯೇ ಚೆನ್ನಾಗಿದ್ದಿದ್ದರೆ ಅವನು ಇನ್ನೊಂದು ಗಂಟೆ ನಿದ್ದೆಮಾಡುತ್ತಿದ್ದ’ ಎಂದರು. ಸನ್ನದು ಶಾಲೆಯನ್ನು ಹೊಗಳುವವರ ವಾದವೂ ತೆಗಳುವವರ ವಾದವೂ ಆ ಒಂದೇ ಉಸಿರಿನಲ್ಲಿ ಇದ್ದುವು.

ಆ ರಾತ್ರಿ ನಮ್ಮ ಅಡಿಗೆಮನೆಯ ಮೇಜಿನಲ್ಲಿ ದೊಡ್ಡ ಚರ್ಚೆಯಾಯಿತು. ಅಳಿಯಂದಿರು ಶಿಸ್ತಾದ ಪಾಠ ಬೇಕೆಂದರು. ನಾವು ಲ್ಯಾಟಿನ್ ಎಂದೆವು. ಮಗಳು, ಸನ್ನದೆಂಬುದು ಶಾಶ್ವತವಲ್ಲವೆಂದಳು. 2024ರ ಆಗಸ್ಟಿನಲ್ಲಿ ವರ್ಷಾರಂಭಕ್ಕೆ ಕೆಲವೇ ದಿನಗಳಿರುವಾಗ ಅಲ್ಲಿಯ ಒಂದು ಸನ್ನದು ಶಾಲೆ ಹಣದ ಮುಗ್ಗಟ್ಟಿನಿಂದ ಮುಚ್ಚಿ, ತಾಯಿತಂದೆಗಳು ದಿಕ್ಕುಗೆಟ್ಟಿದ್ದರು. ಬಳಿಕ ಅವಳು, ‘ಎಲ್ಲರೂ ಬಿಟ್ಟುಹೋದರೆ ಬೀದಿಯ ಶಾಲೆಯನ್ನು ಕಾಯುವವರು ಯಾರು?’ ಎಂದಳು. ನಾವು ಉಪಾಧ್ಯಾಯರ ಧಾಟಿಯಲ್ಲಿ, ‘ಮಗುವಿನ ಭವಿಷ್ಯದಿಂದ ಶಾಲೆಯನ್ನು ಕಾಯುವುದು ಸರಿಯಲ್ಲ’ ಎಂದೆವು. ಅವಳು ಮೆಲ್ಲನೆ, ‘ಅಪ್ಪ, ನನ್ನನ್ನು ನೀವು ನಿಮ್ಮ ಶಾಲೆಗೆ ಹಾಕಲಿಲ್ಲ’ ಎಂದಳು.

ಈ ಮಾತನ್ನು ನಾವು ಮುಚ್ಚಿಡಬಾರದು. ನಾವು ದುಡಿಯುತ್ತಿದ್ದ ಕನ್ನಡ ಶಾಲೆಗೆ ಊರವರ ಮಕ್ಕಳೆಲ್ಲ ಬರಬೇಕೆಂದು ಮನೆಮನೆಗೆ ಹೋಗಿ ಹೇಳಿದವರು ನಾವು. ನಮ್ಮ ಮಗಳನ್ನು ಮಾತ್ರ ಪಟ್ಟಣದ ಇಂಗ್ಲಿಷ್ ಶಾಲೆಗೆ ಬಸ್ಸಿನಲ್ಲಿ ಕಳುಹಿಸಿದೆವು. ಅವಳ ಭವಿಷ್ಯಕ್ಕಾಗಿ ಎಂದುಕೊಂಡೆವು, ಅದು ಸುಳ್ಳಲ್ಲ. ಆದರೆ ಮೇಷ್ಟರ ಮಗಳೇ ಆಚೆಗೆ ಹೋಗುವುದನ್ನು ಕಂಡ ನಾಲ್ಕು ಮನೆಯವರು ಮರುವರ್ಷ ತಮ್ಮ ಮಕ್ಕಳನ್ನೂ ಕಳುಹಿಸಿದರು. ನಾವು ನಿವೃತ್ತರಾದ ವರ್ಷ ಎಂಟನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಬಡವರ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಳ ಕೊಡಿಸುವ 2009ರ ಶಿಕ್ಷಣದ ಹಕ್ಕಿನ ಕಾಯಿದೆ ನಮ್ಮಲ್ಲಿಯೂ ಬಂದಿತು, ಅದಕ್ಕೂ ಚೀಟಿಯಿದ್ದಿತು; ಸರಕಾರಿ ಶಾಲೆಗಳು ಬರಿದಾಗುವುವೆಂದು 2019ರಲ್ಲಿ ಕರ್ನಾಟಕ ಸರಕಾರ, ಹತ್ತಿರದಲ್ಲಿ ಸರಕಾರಿ ಶಾಲೆಯಿದ್ದರೆ ಆ ಸ್ಥಳಗಳಿಲ್ಲವೆಂದು ನಿಯಮವನ್ನು ಬಿಗಿಮಾಡಿತು. ಇವನ್ನೆಲ್ಲ ಕುರಿತು ಸಭೆಗಳಲ್ಲಿ ಮಾತಾಡಿದ್ದೆವು. ಮಗಳ ಆ ಒಂದು ಮಾತಿಗೆ ಮಾತ್ರ ಉತ್ತರ ಹೊಳೆಯಲಿಲ್ಲ.

ಕೊನೆಗೆ ಪಟ್ಟಿಯಲ್ಲಿ ಎರಡೇ ಹೆಸರು ಉಳಿದುವು. ಮೊದಲನೆಯದು ಲ್ಯಾಟಿನ್ ಶಾಲೆ, ಎರಡನೆಯದು ಅಳಿಯಂದಿರು ಮೆಚ್ಚಿದುದು. ಎರಡೂ ಸಿಕ್ಕದಿದ್ದರೆ ಇದ್ದ ಶಾಲೆಯ ಐದನೆಯ ತರಗತಿ ಇದ್ದೇ ಇದೆ. ಆ ಹಕ್ಕು ಚೀಟಿಯಿಂದ ಅಳಿಯುವುದಲ್ಲ. ಮೊದಲ ಹೆಸರು ನಮ್ಮ ಆಸೆಗಾಗಿ ಬರೆದುದೆಂದು ನಮಗೆ ಗೊತ್ತಿದ್ದಿತು. ‘ಬೇಡ’ ಎನ್ನಲು ನಮಗೆ ಬಾಯಿ ಬರಲಿಲ್ಲ.

ಮಾರ್ಚಿಯ ಕೊನೆಯಲ್ಲಿ ಫಲಿತಾಂಶ ಬಂದಿತು. ಎರಡು ಕಡೆಯೂ ಕಾಯುವವರ ಪಟ್ಟಿ. ನಮ್ಮ ಆಸೆಯ ಶಾಲೆಯಲ್ಲಿ ನೂರರಾಚೆಯ ಸಂಖ್ಯೆ. ನಮ್ಮ ಎದೆ ಕುಸಿಯಿತು. ಅದೇ ಕ್ಷಣದಲ್ಲಿ ಮೊಮ್ಮಗಳು ಬಾಗಿಲು ತೆರೆದು ಪಕ್ಕದ ಮನೆಗೆ ಓಡಿದಳು. ಗೆಳತಿಗೂ ಎಲ್ಲಿಯೂ ಸ್ಥಳ ಸಿಕ್ಕಿರಲಿಲ್ಲ. ಇಬ್ಬರೂ ಕಬ್ಬಿಣದ ಮೆಟ್ಟಿಲ ಮೇಲೆ ಕುಣಿಯುವುದನ್ನು ಕಿಟಕಿಯಿಂದ ನೋಡುತ್ತ ನಿಂತೆವು. ನಮ್ಮ ದುಃಖವೂ ಆ ಸಂತೋಷವೂ ಒಂದೇ ಸುದ್ದಿಯಿಂದ ಹುಟ್ಟಿದುವೆಂಬುದನ್ನು ಯೋಚಿಸಿ ನಾಚಿಕೆಯಾಯಿತು.

ಮರುದಿನ ಮಗಳು, ಐದನೆಯ ತರಗತಿಯಲ್ಲಿ ಉಳಿಯಲಿರುವ ಮಕ್ಕಳ ಮನೆಯವರನ್ನೆಲ್ಲ ತಿಂಡಿಗೆ ಕರೆದಳು. ನಮ್ಮ ಮನೆಯವರು ಉಪ್ಪಿಟ್ಟು, ಕೇಸರೀಭಾತು ಮಾಡಿದರು. ಏಳು ಮನೆಯವರು ಬಂದರು. ಒಬ್ಬರು ಗಣಿತದ ಸಂಜೆಪಾಠ ಹೇಳಲೊಪ್ಪಿದರು. ಇನ್ನೊಬ್ಬರು ಪುಸ್ತಕಶಾಲೆಗೆ ನಿಲ್ಲುವೆನೆಂದರು. ಸ್ಟೂವರ್ಟ್-ಹಾಬ್ಸನ್ನನ್ನು ಎಲ್ಲರೂ ಕೂಡಿ ನೋಡಿಬರಬೇಕೆಂದು ಗೊತ್ತಾಯಿತು. ಬಿಟ್ಟುಹೋಗುವವರನ್ನು ಅಲ್ಲಿ ಯಾರೂ ಹಳಿಯಲಿಲ್ಲ. ಹಳಿಯುವ ಅರ್ಹತೆ ನಮಗಂತೂ ಇರಲಿಲ್ಲ.

ನಾವು ಹೊರಡಲು ಐದು ವಾರವಿದ್ದಿತು. ಪ್ರತಿ ಸಂಜೆ ಅದೇ ಮೇಜಿನಲ್ಲಿ ಮೊಮ್ಮಗಳನ್ನೂ ಅವಳ ಗೆಳತಿಯನ್ನೂ ಕೂಡಿಸಿಕೊಂಡು, ಒಂದು ಕಡೆ ಪಿತೃ, ಇನ್ನೊಂದು ಕಡೆ ಪಾತೆರ್, ನಡುವೆ ಕನ್ನಡದ ಅಕ್ಷರ ಬರೆದು ತೋರಿಸಿದೆವು. ಮೂವತ್ತೆರಡು ವರ್ಷ ಪಾಠ ಹೇಳಿದವನಿಗೆ ಮೊಮ್ಮಗಳಿಗೆ ಲ್ಯಾಟಿನ್ ಬೇಕೆಂದು ಚೀಟಿಯನ್ನು ನಂಬುವುದು ತೋಚಿತು. ಅವಳಿಗೆ ಅ ಆ ಕಲಿಸುವುದು ತೋಚಿರಲಿಲ್ಲ. ಆ ಪಾಠಕ್ಕೆ ಪಟ್ಟಿಯೂ ಬೇಡ, ಗಡುವೂ ಬೇಡ.

ತಾಯಿತಂದೆಗಳು ಮಕ್ಕಳಿಗಾಗಿ ಒಳ್ಳೆಯ ಶಾಲೆಯನ್ನರಸುವುದು ತಪ್ಪಲ್ಲ. ಅದು ಅವರ ಧರ್ಮ. ದಾರಿಯ ದೂರ, ಮಗುವಿನ ನಿದ್ದೆ, ಗೆಳೆತನ, ಶಾಲೆಯ ಸ್ಥಿರತೆ ಇವನ್ನೆಲ್ಲ ತೂಗಿನೋಡಿ, ತೂಗುವ ಕೈ ಯಾರ ಆಸೆಯಿಂದ ಬಾಗಿದೆಯೆಂಬುದನ್ನೂ ಒಮ್ಮೆ ನೋಡಿಕೊಂಡರೆ ಸಾಕು. ಊರಿಗೆ ಬಂದ ಮೇಲೆ ಒಂದು ಬೆಳಗ್ಗೆ ನಾವು ನಮ್ಮ ಹಳೆಯ ಶಾಲೆಗೆ ಹೋಗಿ, ವಾರಕ್ಕೆರಡು ದಿನ ಬಂದು ಪಾಠ ಹೇಳಲೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆವು. ಅವರು ಎದ್ದು ನಿಂತು ನಮಗೆ ಕುರ್ಚಿ ಸರಿಸಿದರು.